ಮಾವ ತೊಳೆದ ಗಾಡಿ

ಹೊಸ ಗಾಡಿಯನ್ನು ಹಳೆಯದು ಮಾಡುವುದು ನನ್ನ ಹವ್ಯಾಸ. ಹೀಗೆ ಹೇಳಿದರೆ ಜನ ಮೊದಲು ನನ್ನ ಮುಖ ನೋಡುತ್ತಾರೆ, ಆಮೇಲೆ ಪಕ್ಕದಲ್ಲಿ ನಿಂತ ನನ್ನ ಗಂಡನ ಮುಖ ನೋಡುತ್ತಾರೆ. ಅವರು ಇದಕ್ಕೂ ತಮಗೂ ಸಂಬಂಧವೇ ಇಲ್ಲ ಎಂಬಂತೆ ಜೇಬಿನಿಂದ ಫೋನು ತೆಗೆಯುತ್ತಾರೆ.

ಸ್ವಲ್ಪ ಬಿಡಿಸಿ ಹೇಳುತ್ತೇನೆ. ಪ್ಲಾಸ್ಟಿಕ್ ತುಂಡುಗಳ ಪೆಟ್ಟಿಗೆಗಳು ಬರುತ್ತವೆ. ಒಳಗೆ ಒಂದು ಟ್ಯಾಂಕೋ ಜೀಪೋ ಸೈನ್ಯದ ಲಾರಿಯೋ ನೂರಾರು ಚೂರುಗಳಾಗಿ ಕೂತಿರುತ್ತದೆ. ನಿಜವಾದ ಗಾಡಿಯನ್ನು ಮೂವತ್ತೈದು ಪಟ್ಟು ಚಿಕ್ಕದು ಮಾಡಿದರೆ ಎಷ್ಟೋ ಅಷ್ಟು ಗಾತ್ರ. ಎರಡು ಅಂಗೈ ಜೋಡಿಸಿದರೆ ಅದರ ಮೇಲೆ ನಿಲ್ಲುತ್ತದೆ. ಅದನ್ನು ಅಂಟಿಸಿ, ಮಟ್ಟ ಮಾಡಿ, ಚೆಂದವಾಗಿ ಬಣ್ಣ ಹಚ್ಚಬೇಕು. ಆಮೇಲೆ ಆ ಚೆಂದವನ್ನು ಕೆಡಿಸಬೇಕು. ಮಜಾ ಇರುವುದೆಲ್ಲ ಕೆಡಿಸುವುದರಲ್ಲೇ. ಬೂಟುಗಾಲು ಊರಿದ ಕಡೆ ಬಣ್ಣ ಸವೆದಿರಬೇಕು, ನೀರು ನಿಲ್ಲುವ ಕಡೆ ತುಕ್ಕು ಕಾಣಬೇಕು, ಹೊಟ್ಟೆಯ ಕೆಳಗೆ ಕೆಸರು ಒಣಗಿ ಬಿರಿದಿರಬೇಕು. ಈ ಗಾಡಿ ಎಲ್ಲಿಂದಲೋ ಓಡಿಬಂದು ಈಗಷ್ಟೇ ನಿಂತಿದೆ, ಮುಟ್ಟಿದರೆ ಇನ್ನೂ ಬಿಸಿ ಇರಬಹುದು ಎಂದು ನೋಡಿದವರಿಗೆ ಅನ್ನಿಸಬೇಕು.

ನಾನು ಹೈದರಾಬಾದಿನ ನಾಚಾರಂನ ಒಂದು ಸಣ್ಣ ಕಾರ್ಖಾನೆಯಲ್ಲಿ ಬಾಟಲಿ ಮುಚ್ಚಳಗಳ ಅಚ್ಚಿಗೆ ನಕ್ಷೆ ಹಾಕುವವಳು. ದಿನವಿಡೀ ಮುಚ್ಚಳ. ನೀರಿನ ಬಾಟಲಿಯದು, ಎಣ್ಣೆ ಬಾಟಲಿಯದು, ಕೆಮ್ಮಿನ ಔಷಧಿಯದು. ಒಂದು ದಿನ ಜೊತೆಗೆ ಕೆಲಸ ಮಾಡುವವರೊಬ್ಬರು, ಅಚ್ಚು ಎಷ್ಟು ನಾಜೂಕಾಗಿರಬಹುದು ನೋಡಿ ಎಂದು ಒಂದು ಜೀಪಿನ ಪೆಟ್ಟಿಗೆಯನ್ನು ಮೇಜಿನ ಮೇಲಿಟ್ಟರು. ಸಾಸಿವೆ ಕಾಳಿನಷ್ಟು ತಿರುಪು, ಅದರ ತಲೆಯ ಮೇಲೆ ಗೆರೆ! ನಾನು ಅಲ್ಲೇ ಮರುಳಾದೆ. ಪೆಟ್ಟಿಗೆಯನ್ನು ಅವರಿಗೆ ವಾಪಸ್ಸು ಕೊಡಲೇ ಇಲ್ಲ.

ಅಲ್ಲಿಂದ ಈಚೆಗೆ ತಾರ್ನಾಕದ ನಮ್ಮ ಮನೆಯ ಹಿಂದಿನ ವರಾಂಡ ನನ್ನದಾಯಿತು. ತುಕ್ಕಿಗೆ ಹೊಸ್ತಿಲಿಗೆ ಬಳಿಯುವ ಕೆಮ್ಮಣ್ಣು, ಧೂಳಿಗೆ ರಂಗೋಲಿ ಪುಡಿ, ಹೊಗೆಯ ಕಪ್ಪಿಗೆ ದೀಪದ ಕಾಡಿಗೆ. ಬಣ್ಣ ಕಿತ್ತುಬಂದಂತೆ ಕಾಣಿಸಲು ಅಡುಗೆ ಉಪ್ಪು. ಮೊದಲು ತುಕ್ಕಿನ ಬಣ್ಣ ಹೊಡೆದು, ಅದರ ಮೇಲೆ ಅಲ್ಲಲ್ಲಿ ಒದ್ದೆ ಮಾಡಿ ಉಪ್ಪು ಉದುರಿಸಿ, ಮೇಲೆ ಹಸಿರು ಹೊಡೆಯುವುದು. ಒಣಗಿದ ಮೇಲೆ ಬೆರಳಲ್ಲಿ ಉಜ್ಜಿದರೆ ಉಪ್ಪು ಉದುರಿ, ಕೆಳಗಿನ ತುಕ್ಕು ಇಣುಕುತ್ತದೆ. "ಸಾರಿಗೆ ಉಪ್ಪಿಲ್ಲ, ಟ್ಯಾಂಕಿಗೆ ಐತಿ" ಎಂದು ನನ್ನ ಗಂಡ ಊಟಕ್ಕೆ ಕೂತಾಗ ಹಂಗಿಸುವುದುಂಟು. ಹಂಗಿಸಲಿ. ಅವರು ನೋಡುವ ಕ್ರಿಕೆಟ್ಟಿಗೆ ನಾನು ಏನೆಲ್ಲ ಅಂದಿಲ್ಲ.

ಈ ವರಾಂಡಕ್ಕೆ ದಿನಾ ಬರುವ ಪ್ರೇಕ್ಷಕರೆಂದರೆ ನನ್ನ ಮಾವ ಒಬ್ಬರೇ. ಬಾಗಲಕೋಟೆ ಕಡೆಯವರು. ಹರೆಯದಲ್ಲೇ ಹೈದರಾಬಾದಿಗೆ ಬಂದು, ಊರ ಹೊರಗಿನ ಒಂದು ರಕ್ಷಣಾ ಕಾರ್ಖಾನೆಯಲ್ಲಿ ಕೆಲಸಕ್ಕೆ ಸೇರಿ, ಬಣ್ಣದ ವಿಭಾಗದ ಇನ್ಸ್‌ಪೆಕ್ಟರ್ ಆಗಿ ನಿವೃತ್ತರಾದವರು. ಅಲ್ಲಿ ತಯಾರಾಗುತ್ತಿದ್ದದ್ದು ಸೈನಿಕರನ್ನು ಹೊಟ್ಟೆಯೊಳಗೆ ಕೂರಿಸಿಕೊಂಡು ಸರಪಳಿ ಪಟ್ಟಿಯ ಮೇಲೆ ಓಡುವ ಉಕ್ಕಿನ ಗಾಡಿ. ಹಿಂದುಗಡೆ ಎರಡು ದಪ್ಪ ಬಾಗಿಲು. ಮಾವ ಬೆಳ್ಳನೆಯ ಬಟ್ಟೆ ಹಿಡಿದು ಒರೆಸಿ ನೋಡಿ, ಟಾರ್ಚು ಬಿಟ್ಟು ನೋಡಿ, ಸರಿ ಎಂದ ಮೇಲೇ ಗಾಡಿ ಗೇಟು ದಾಟಬೇಕು. ಅಭ್ಯಾಸ ಬಿಟ್ಟಿಲ್ಲ. ನಮ್ಮ ಮನೆಗೆ ಸುಣ್ಣಬಣ್ಣ ಮಾಡಿದವರು ಮೂರನೇ ದಿನ ಹೇಳದೆ ಕೇಳದೆ ಕೆಲಸ ಬಿಟ್ಟು ಹೋದದ್ದು ಇವರಿಂದಲೇ. "ಇಲ್ಲಿ ಬಣ್ಣ ಇಳದೈತಿ ನೋಡ್ರಿ" ಎಂದು ಬೆನ್ನ ಹಿಂದೆ ನಿಂತು ಹೇಳುತ್ತಿದ್ದರೆ ಯಾರು ತಾನೇ ನಿಲ್ಲುತ್ತಾರೆ?

ಆ ವರ್ಷ ನಾನು ಮೊದಲ ಸಲ ಪ್ರದರ್ಶನಕ್ಕೆ ಹೆಸರು ಕೊಟ್ಟಿದ್ದೆ. ಊರಿನ ನಮ್ಮಂಥ ಹುಚ್ಚರೆಲ್ಲ ಸೇರಿ ಒಂದು ಶಾಲೆಯ ಸಭಾಂಗಣದಲ್ಲಿ ಮಾಡುವ ಪ್ರದರ್ಶನ. ಬಹುಮಾನವೂ ಉಂಟು, ತೀರ್ಪುಗಾರರೂ ಉಂಟು. ಯಾವ ಗಾಡಿ ಮಾಡುವುದು ಎಂದು ಎರಡನೇ ಯೋಚನೆಯೇ ಬರಲಿಲ್ಲ. ಮಾವನ ಗಾಡಿಯನ್ನೇ ಮಾಡುತ್ತೇನೆ ಎಂದೆ. ಮರುದಿನದಿಂದ ಅವರು ಸಂಜೆಯ ಟೀವಿ ಬಿಟ್ಟು ವರಾಂಡದಲ್ಲಿ ಕುರ್ಚಿ ಹಾಕಿಕೊಂಡರು.

ನಾಲ್ಕು ತಿಂಗಳು ಹಿಡಿಯಿತು. ಹಸಿರು ಬಣ್ಣದ ಹದಕ್ಕೆ ಮಾವನೇ ಸಾಕ್ಷಿ. ಏಳು ಸಲ ಬೆರೆಸಿದ್ದನ್ನು ಬೇಡ ಎಂದು ಎಂಟನೆಯದಕ್ಕೆ ತಲೆಯಾಡಿಸಿದರು. ನಾನು ಬಣ್ಣ ಕೆದಕಿದಾಗಲೂ, ತುಕ್ಕು ಇಳಿಸಿದಾಗಲೂ, ಪಟ್ಟಿಯ ಸಂದಿಗೆ ಕೆಸರು ತುಂಬಿದಾಗಲೂ ಬಗ್ಗಿ ನೋಡಿ "ಹ್ಞೂಂ" ಎನ್ನುತ್ತಿದ್ದರು. ಆ ಹ್ಞೂಂ ಕೇಳಿ ನಾನು ಉಬ್ಬಿಹೋದೆ. ಒಂದು ಕಲೆ ಕಂಡರೆ ಗಾಡಿ ತಿರುಗಿಸಿ ಕಳಿಸುತ್ತಿದ್ದ ಮನುಷ್ಯನಿಗೆ ಕಲೆಯಲ್ಲೇ ಕಲೆಗಾರಿಕೆ ಇದೆ ಎಂದು ಅರ್ಥವಾಯಿತಲ್ಲ ಎಂದು ಗಂಡನ ಮುಂದೆ ಕೊಚ್ಚಿಕೊಂಡೆ ಕೂಡ.

ಪ್ರದರ್ಶನಕ್ಕೆ ಹತ್ತು ದಿನ ಇರುವಾಗ ತಂಗಿಯ ಮಗುವಿನ ನಾಮಕರಣಕ್ಕೆಂದು ಮೈಸೂರಿಗೆ ಹೋದೆ. ಮುಗಿದ ಗಾಡಿಯನ್ನು ವರಾಂಡದ ಕಪಾಟಿನಲ್ಲಿಟ್ಟು, ಯಾರೂ ಮುಟ್ಟಬೇಡಿ ಎಂದು ಗಂಡನಿಗೆ ಎರಡು ಸಲ ಹೇಳಿದೆ. ಮಾವನಿಗೆ ಹೇಳಲಿಲ್ಲ. ಅವರಿಗೆ ಹೇಳುವುದೇನಿದೆ?

ಭಾನುವಾರ ಬೆಳಿಗ್ಗೆ ಕಾಚಿಗುಡದಲ್ಲಿ ರೈಲಿಳಿದು ಮನೆಗೆ ಬಂದರೆ ಮಾವ ಬಾಗಿಲಲ್ಲೇ ನಿಂತಿದ್ದರು. ಸ್ನಾನ ಆಗಿದೆ, ಹಣೆಯಲ್ಲಿ ವಿಭೂತಿ, ಮುಖದಲ್ಲಿ ನಾನು ಅಲ್ಲಿಯವರೆಗೆ ಕಾಣದಂಥ ಗೆಲುವು. "ಬಾ ಯವ್ವಾ, ಚಾ ಆಮ್ಯಾಲೆ ಕುಡಿಯೂವಂತಿ. ಮೊದಲ ನಿನ್ನ ಗಾಡಿ ನೋಡು" ಎಂದು ಕೈಯಿಂದ ಚೀಲ ಇಸಿದುಕೊಂಡರು.

ನೋಡಿದೆ. ವರಾಂಡದ ಮೇಜಿನ ಮೇಲೆ ಬಿಳಿ ಪಂಚೆ ಹಾಸಿ ಅದರ ಮೇಲೆ ಗಾಡಿ ಇಟ್ಟಿದ್ದರು. ಫಳಫಳ ಹೊಳೆಯುತ್ತಿತ್ತು. ಕೆಸರಿಲ್ಲ, ತುಕ್ಕಿಲ್ಲ, ಧೂಳಿಲ್ಲ, ಹೊಗೆಯ ಮಸಿಯಿಲ್ಲ. ಟರ್ಪೆಂಟೈನ್‌ನಲ್ಲಿ ಅದ್ದಿದ ಮೆತ್ತನೆಯ ಬಟ್ಟೆಯಿಂದ ಸಂದುಗೊಂದು ಬಿಡದೆ ಒರೆಸಿ, ನಾನು ಉಪ್ಪು ಹಾಕಿ ಕಷ್ಟಪಟ್ಟು ಕಿತ್ತ ಬಣ್ಣದ ಚೂರುಗಳಿಗೆಲ್ಲ ಅದೇ ಎಂಟನೆಯ ಹಸಿರು ಬೆರೆಸಿ ತೇಪೆ ಹಾಕಿದ್ದರು. ಎಲ್ಲಿ ಹಾಕಿದ್ದಾರೆಂದು ನನಗೇ ಗುರುತು ಸಿಗಲಿಲ್ಲ, ಅಷ್ಟು ಅಚ್ಚುಕಟ್ಟು. ಕೊನೆಗೆ ಮಗನ ಕಾರಿನ ಪಾಲಿಶ್ ಹುಡುಕಿ ತೆಗೆದು ಅದನ್ನೂ ಹಚ್ಚಿ ಉಜ್ಜಿದ್ದರು.

"ಮೂರು ದಿನ ಹಿಡೀತ ನೋಡು. ಮುಂದಿನ ಆಯ್ತವಾರ ಇನ್ಸ್‌ಪೆಕ್ಷನ್ ಐತಿ, ನೀ ನೋಡಿದರ ಊರಿಗೆ ಹೊಂಟಿ. ಗಾಡಿ ತೊಳಿಯೋದು ನೆನಪ ಹಾರೈತಿ ಅಂತ ನಾನ ಮಾಡಿ ಮುಗಿಸೀನಿ" ಎಂದರು.

ಆಗ ತಿಳಿಯಿತು. ಅವರ ಕಾರ್ಖಾನೆಯಲ್ಲಿ ಪ್ರತಿ ಗಾಡಿಯೂ ಬಣ್ಣ ಹಚ್ಚಿಸಿಕೊಂಡು ಮೊದಲು ಹಿಂದಿನ ಮೈದಾನಕ್ಕೆ ಹೋಗುತ್ತದೆ. ಹಳ್ಳ ಇಳಿದು, ದಿಣ್ಣೆ ಹತ್ತಿ, ಕೆಸರಿನಲ್ಲಿ ಓಡಿ, ಮೈಯೆಲ್ಲ ರಾಡಿ ಮಾಡಿಕೊಂಡು ಬರುತ್ತದೆ. ಆಮೇಲೆ ಅದನ್ನು ತೊಳೆದು, ಗೀಚಿದ ಕಡೆ ಬಣ್ಣ ಮುಟ್ಟಿಸಿ, ಒರೆಸಿ, ತಪಾಸಣೆಗೆ ನಿಲ್ಲಿಸುತ್ತಾರೆ. ನಾಲ್ಕು ತಿಂಗಳು ಮಾವ ಹ್ಞೂಂಗುಟ್ಟಿದ್ದು ಇದಕ್ಕೆ. ನಾನು ಗಾಡಿಯನ್ನು ಮೈದಾನದಲ್ಲಿ ಓಡಿಸುತ್ತಿದ್ದೇನೆ ಎಂದುಕೊಂಡಿದ್ದರು! ಸೊಸೆ ಒಂದು ಹಂತವನ್ನೂ ಬಿಡದೆ ಮಾಡುತ್ತಿದ್ದಾಳೆ, ತೊಳೆಯುವುದೊಂದು ಬಾಕಿ ಎಂದು ಕಾಯುತ್ತಿದ್ದರು.

ಈಗ ಬರೆಯುವಾಗ ನಗು ಬರುತ್ತಿದೆ. ಆಗ ಬರಲಿಲ್ಲ. ಈ ಮನೆಗೆ ಬಂದು ಹದಿನೈದು ವರ್ಷವಾದರೂ ಸಿಟ್ಟು ಬಂದರೆ ನನ್ನ ಬಾಯಲ್ಲಿ ಬರುವುದು ತವರಿನ ಮೈಸೂರು ಕನ್ನಡವೇ. "ಅಯ್ಯೋ ಮಾವಾ, ಏನ್ ಮಾಡ್ಬಿಟ್ರಿ! ನಾಲ್ಕು ತಿಂಗಳ ಕೆಲಸ! ಅದು ಕೊಳೆ ಅಲ್ಲ, ಅದೇ ಕೆಲಸ" ಎಂದು ಕಿರುಚಿದೆ. ಅವರಿಗೆ ಅರ್ಥವಾಗಲಿಲ್ಲ. "ಹೊಲಸ ಗಾಡಿ ಯಾರರ ಇನ್ಸ್‌ಪೆಕ್ಷನ್‌ಗೆ ತರತಾರೇನವಾ?" ಎಂದರು ಪಾಪ. ನನ್ನ ನಾಲಿಗೆ ನಿಲ್ಲಲಿಲ್ಲ. "ಗೇಟ್ ದಾಟಿದ ಮೇಲೆ ಗಾಡಿ ಹೇಗಿರತ್ತೆ ಅಂತ ನಿಮಗೇನು ಗೊತ್ತು? ಒಂದು ದಿನಾನಾದ್ರೂ ನೋಡಿದೀರಾ?"

ಮಾವ ಕೈಯಲ್ಲಿದ್ದ ನನ್ನ ಚೀಲವನ್ನು ಕೆಳಗಿಟ್ಟರು. ಆಮೇಲೆ "ಇಲ್ಲವಾ, ನೋಡಿಲ್ಲ" ಎಂದು ಹೇಳಿ, ಪಂಚೆಯನ್ನು ಹಾಗೇ ಬಿಟ್ಟು ಒಳಗೆ ಹೋದರು.

ಆ ದಿನ ನನಗೆ ಊಟ ಸೇರಲಿಲ್ಲ. ಗಾಡಿ ಹೋಯಿತೆಂಬ ಸಂಕಟ ಒಂದು ಕಡೆ, ಹಾಗೆ ಅಂದೆನಲ್ಲ ಎಂಬ ನಾಚಿಕೆ ಇನ್ನೊಂದು ಕಡೆ. ಎರಡರಲ್ಲಿ ನಾಚಿಕೆಯೇ ದೊಡ್ಡದಾಗಿತ್ತು ಎಂದು ಒಪ್ಪಿಕೊಳ್ಳುತ್ತೇನೆ. ಕ್ಷಮೆ ಕೇಳಬೇಕೆಂದು ಎರಡು ಸಲ ಅವರ ಕೋಣೆಯ ತನಕ ಹೋಗಿ, ಮಜ್ಜಿಗೆ ಬೇಕಾ ಎಂದು ಕೇಳಿ ಬಂದೆ.

ಮರುದಿನ ನಾನು ಕೆಲಸದಿಂದ ಬರುವಷ್ಟರಲ್ಲಿ ಅವರು ವರಾಂಡದಲ್ಲಿದ್ದರು. ಕುರ್ಚಿಯನ್ನು ಮೇಜಿಗೇ ತಾಗಿಸಿ ಹಾಕಿದ್ದರು. ಕನ್ನಡಕ ಒರೆಸಿಕೊಳ್ಳುತ್ತ, "ನಾ ಪಾಸ್ ಮಾಡಿದ ಗಾಡಿ ರೈಲ್ ಮ್ಯಾಲೆ ಹತ್ತಿ ಹೋಗೂದ ಅಷ್ಟ ನೋಡೀನಿ. ಎಲ್ಲಿಗೆ ಹೋದುವು, ಏನಾದುವು, ಯಾರೂ ಹೇಳಲಿಲ್ಲ, ನಾವೂ ಕೇಳಂಗಿರಲಿಲ್ಲ. ತೋರಸು. ಬಣ್ಣ ಎಲ್ಲೆಲ್ಲಿ ಹೋಗತೈತಿ?" ಎಂದರು.

ನನ್ನ ಹತ್ತಿರ ಚಿತ್ರಗಳಿಗೆ ಬರವಿರಲಿಲ್ಲ. ಅಬಿಡ್ಸ್‌ನ ಫುಟ್‌ಪಾತಿನಲ್ಲಿ ಭಾನುವಾರ ಹರಡುವ ಹಳೇ ಪುಸ್ತಕಗಳ ರಾಶಿಯಿಂದ ಹೆಕ್ಕಿ ತಂದ ದಪ್ಪ ಚಿತ್ರಪುಸ್ತಕವಿತ್ತು. ಲ್ಯಾಪ್‌ಟಾಪಿನಲ್ಲಿ ಬೇರೆ ಬೇರೆ ದೇಶಗಳ ಗಾಡಿಗಳ ಫೋಟೋಗಳಿದ್ದವು. ಅವನ್ನೆಲ್ಲ ತೆಗೆದಿಟ್ಟೆ. ಮಾವ ಭೂತಗನ್ನಡಿ ಹಿಡಿದು ಒಂದೊಂದನ್ನೂ ಹೀರಿಬಿಟ್ಟರು. ಇಲ್ಲಿ ಬೂಟು ತಿಕ್ಕೈತಿ. ಇಲ್ಲಿ ಡೀಸೆಲ್ ಚೆಲ್ಲೈತಿ. ಇಲ್ಲಿ ಯಾರೋ ಕುಂತ ಕುಂತ ಬಣ್ಣ ತಿಂದಾರ. ಅವರಿಗೆ ನಗು, ಬೇಜಾರು, ಆಶ್ಚರ್ಯ ಎಲ್ಲ ಒಟ್ಟಿಗೆ ಬರುತ್ತಿತ್ತು. ಮದುವೆ ಮಾಡಿ ಕಳಿಸಿದ ಹೆಣ್ಣುಮಕ್ಕಳ ಸುದ್ದಿ ಇಷ್ಟು ವರ್ಷಕ್ಕೆ ಒಟ್ಟಿಗೇ ಸಿಕ್ಕಿದ ಹಾಗೆ ಕೂತಿದ್ದರು.

ಅಲ್ಲಿಂದ ಐದು ದಿನ ನಮ್ಮ ಮನೆಯಲ್ಲಿ ನಡೆದದ್ದನ್ನು ನೆನೆದರೆ ಈಗಲೂ ಮನಸ್ಸು ಹಗುರಾಗುತ್ತದೆ. ಮೊದಲು ಆ ಪಾಲಿಶ್ ಹೋಗಬೇಕಿತ್ತು. ಹೊಳೆಯುವ ಮೈಗೆ ಮಣ್ಣು ಕೂರುವುದಿಲ್ಲ. ಹಚ್ಚುವುದಕ್ಕೆ ಎಷ್ಟು ಶ್ರದ್ಧೆಯೋ ತೆಗೆಯುವುದಕ್ಕೂ ಅಷ್ಟೇ ಶ್ರದ್ಧೆಯಿಂದ ಮಾವ ಕೂತು ಸಾಬೂನು ನೀರಲ್ಲಿ ತೊಳೆದರು. ನಾನು ಹೊಳಪು ಅಡಗಿಸುವ ಬಣ್ಣ ಹೊಡೆದೆ. ಬೆಳಿಗ್ಗೆ ಪಕ್ಕದ ವಿಶ್ವವಿದ್ಯಾಲಯದ ಆವರಣಕ್ಕೆ ವಾಕಿಂಗ್ ಹೋದ ಮಾವ ಕರವಸ್ತ್ರದ ನಾಲ್ಕು ಮೂಲೆಗೆ ನಾಲ್ಕು ಥರದ ಮಣ್ಣು ಗಂಟು ಕಟ್ಟಿಕೊಂಡು ಬಂದರು. ಕಾವಲಿನವನು ಏನು ತಾತಾ ಎಂದು ಕೇಳಿದ್ದಕ್ಕೆ, ಸೊಸೆಗೆ ಬೇಕಂತೆ ಎಂದು ತೆಲುಗಿನಲ್ಲಿ ಹೇಳಿ ಬಂದರಂತೆ. ಆ ಮನೆಯಲ್ಲಿ ಸೊಸೆಗೆ ಮಣ್ಣು ತಿನ್ನಿಸುತ್ತಾರೆ ಎಂದು ಅವನು ತಿಳಿದಿರಬೇಕು.

ಮಣ್ಣನ್ನು ಟೀ ಸೋಸುವ ಜಾಲರಿಯಲ್ಲಿ ಜರಡಿ ಹಿಡಿದು, ಅಂಟು ಬೆರೆಸಿ, ಹಳೇ ಟೂತ್‌ಬ್ರಷ್ಷಿಂದ ಸಿಡಿಸುವುದು ನನ್ನ ಪದ್ಧತಿ. ಸಿಡಿಸಿದೆ. ಮಾವ ಟಾರ್ಚು ಬಿಟ್ಟು ನೋಡಿದರು. "ಇದು ರಿಜೆಕ್ಟ್" ಎಂದರು! ಮಣ್ಣು ಮೇಲಿನಿಂದ ಬಿದ್ದ ಹಾಗಿದೆಯಂತೆ. ಸರಪಳಿ ಪಟ್ಟಿ ಎತ್ತಿ ಎಸೆಯುವ ಮಣ್ಣು ಕೆಳಗಿನಿಂದ ಹಾರಿ ಹಿಂದಕ್ಕೆ ಬೀಳಬೇಕಂತೆ. ಮೈದಾನದಿಂದ ಬಂದ ಗಾಡಿಗಳನ್ನು ಮೂವತ್ತು ಚಿಲ್ಲರೆ ವರ್ಷ ತೊಳೆಸಿದವರಿಗೆ ಕೆಸರು ಎಲ್ಲಿ ಕೂರುತ್ತದೆ ಎಂದು ನನಗಿಂತ ಚೆನ್ನಾಗಿ ಗೊತ್ತಿತ್ತು. ಇದು ನನಗೆ ಹೊಳೆದೇ ಇರಲಿಲ್ಲ. ಒರೆಸಿ ಮತ್ತೆ ಸಿಡಿಸಿದೆ. ಮೂರನೇ ಸಲಕ್ಕೆ ಪಾಸಾಯಿತು. ಕೆಸರಿಗೂ ಇನ್ಸ್‌ಪೆಕ್ಷನ್ ಮಾಡುವ ಮನುಷ್ಯನನ್ನು ನಾನು ಬೇರೆಲ್ಲೂ ಕಂಡಿಲ್ಲ. ತೊಳೆದುಹೋದ ಗಾಡಿಗಿಂತ ಇದು ಚೆನ್ನಾಗಿ ಬರುತ್ತಿದೆ ಎಂದು ಬುಧವಾರದ ಹೊತ್ತಿಗೆ ನನಗೆ ಖಾತ್ರಿಯಾಯಿತು. ಗಂಡನಿಗೆ ಹಾಗೆಂದು ಹೇಳಿದೆ, ಮಾವನಿಗೆ ಹೇಳಲಿಲ್ಲ. ತಲೆ ಮೇಲೆ ಕೂರುತ್ತಾರೆ.

ಗುರುವಾರ ಹಿಂದಿನ ಬಾಗಿಲಿಗೆ ಬಂದೆವು. ಬಾಗಿಲ ಕೀಲುಗಳ ಮೇಲೆ ನಾನು ಕೆಮ್ಮಣ್ಣು ಅದ್ದಿದ ಬ್ರಷ್ ಇಡುವಷ್ಟರಲ್ಲಿ ಮಾವ ನನ್ನ ಮಣಿಕಟ್ಟು ಹಿಡಿದರು. ಒಂದು ದಿನವೂ ಹಾಗೆ ಮುಟ್ಟಿದವರಲ್ಲ.

"ಇಲ್ಲಿ ಬ್ಯಾಡ. ಈ ಬಿಜಾಗ್ರಿಗೆ ಜಂಗ ಹಿಡಿಯಂಗಿಲ್ಲ."

ಕೀಲಿಗೆ ಯಾಕೆ ತುಕ್ಕು ಹಿಡಿಯುವುದಿಲ್ಲ ಎಂದೆ. ಹೇಳಿದರು. ಸ್ಪ್ರೇ ಗನ್ನಿನಿಂದ ಹೊಡೆದ ಬಣ್ಣ ಕೀಲಿನ ಹಿಂದಿನ ಸಂದಿಗೆ ಸರಿಯಾಗಿ ಇಳಿಯುವುದಿಲ್ಲ ಎಂದು ಅವರಿಗೆ ಕೆಲಸಕ್ಕೆ ಸೇರಿದ ಹೊಸತರಲ್ಲೇ ಅನುಮಾನ. ನಕ್ಷೆಯಲ್ಲಿ ಇಲ್ಲ, ನಿಯಮದಲ್ಲಿ ಇಲ್ಲ, ಆದರೂ ಅಲ್ಲಿ ಕೈಯಿಂದ, ಸಣ್ಣ ಬ್ರಷ್ಷಿನಿಂದ, ಇನ್ನೊಂದು ಕೋಟು ಹಚ್ಚಿಸದೆ ಅವರು ಯಾವ ಗಾಡಿಯನ್ನೂ ಬಿಟ್ಟಿಲ್ಲ. ಅಡ್ಡ ಮಲಗಿ ಹಚ್ಚಬೇಕು, ಒಣಗಲು ಮತ್ತೆ ಕಾಯಬೇಕು. ಕೆಲಸಗಾರರು ಬೈದರು, ಮೇಲಿನವರು ಕರೆಸಿ ಕೇಳಿದರು, ಗಾಡಿ ತಡವಾದಾಗಲೆಲ್ಲ ಎಲ್ಲರೂ ಇವರ ಕಡೆ ನೋಡಿದರು. ಇವರು ಬಗ್ಗಲಿಲ್ಲ. "ಎಲ್ಲಾರೂ ಹುಚ್ಚ ಅಂದರು. ಅದು ಉಪಯೋಗ ಆತೋ, ಸುಮ್ನ ಆ ಮಂದೀನ ಗೋಳ ಹೊಯ್ಕೊಂಡನೋ, ಇವತ್ತಿನ ತನಕ ನನಗ ಗೊತ್ತಿಲ್ಲ ನೋಡವಾ. ಯಾರನ್ನ ಕೇಳೂದು?"

ನಾನು ಫೋಟೋ ತೋರಿಸಿದೆ. ಪುಸ್ತಕದಲ್ಲಿ, ಲ್ಯಾಪ್‌ಟಾಪಿನಲ್ಲಿ, ಎಲ್ಲ ಗಾಡಿಗೂ ಅದೇ ಕೀಲಿನ ಮೇಲೆ ತುಕ್ಕು ಸೋರಿತ್ತು. ಅವು ಬೇರೆ ದೇಶದವು ಎಂದರು. ಉಕ್ಕು ಎಲ್ಲ ದೇಶದಲ್ಲೂ ಉಕ್ಕೇ ಮಾವಾ, ಮಳೆಯೂ ಮಳೆಯೇ ಎಂದೆ. ನನಗೂ ಹಟ. ನಿಜವಾಗಿ ಇದ್ದ ಹಾಗೇ ಮಾಡುತ್ತೇನೆ, ನಮಗೆ ಬೇಕಾದ ಹಾಗಲ್ಲ ಎಂಬುದು ಈ ಕೆಲಸದಲ್ಲಿ ನಾನು ಹಾಕಿಕೊಂಡ ಒಂದೇ ಒಂದು ನಿಯಮ. ಅವರು ಬಹಳ ಹೊತ್ತು ಫೋಟೋಗಳನ್ನು ನೋಡಿದರು. ಕೊನೆಗೆ ಭೂತಗನ್ನಡಿ ಕೆಳಗಿಟ್ಟು, "ಹಚ್ಚ ಹಂಗಾರ. ಪೋಟೋದಾಗ ಇದ್ದಂಗ ಹಚ್ಚು" ಎಂದು ಎದ್ದುಹೋದರು.

ಹಚ್ಚಿದೆ. ಚೆನ್ನಾಗಿಯೇ ಬಂತು. ಅದನ್ನು ನೋಡಿ ಸ್ವಲ್ಪವೂ ಖುಷಿಯಾಗಲಿಲ್ಲ.

ಭಾನುವಾರ ಮಾವ ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು, ಜೇಬಿಗೆ ಪೆನ್ನು ಸಿಕ್ಕಿಸಿಕೊಂಡು, ನಮಗಿಂತ ಮೊದಲೇ ಆಟೋದಲ್ಲಿ ಹತ್ತಿ ಕೂತಿದ್ದರು. ಸಭಾಂಗಣದ ತುಂಬ ಮೇಜುಗಳು, ಮೇಜಿನ ತುಂಬ ವಿಮಾನ, ಹಡಗು, ಟ್ಯಾಂಕು. ನಮ್ಮ ಗಾಡಿಗೆ ಕಿಟಕಿ ಪಕ್ಕದ ಮೇಜು ಸಿಕ್ಕಿತು, ಒಳ್ಳೆಯ ಬೆಳಕು. ಮಾವ ಕೈ ಹಿಂದೆ ಕಟ್ಟಿಕೊಂಡು ಎಲ್ಲರ ಮೇಜಿಗೂ ಹೋಗಿ ಬಗ್ಗಿ ನೋಡಿ ಬಂದರು. "ಆ ಇಮಾನದ ರೆಕ್ಕಿಗೆ ಬಣ್ಣ ಇಳದೈತಿ" ಎಂದು ನನ್ನ ಕಿವಿಯಲ್ಲಿ ಹೇಳಿದರು. ಮೆಲ್ಲಗೆ ಹೇಳಿ ಎಂದು ಚಿವುಟಬೇಕಾಯಿತು, ಆ ವಿಮಾನದವರು ಪಕ್ಕದಲ್ಲೇ ಇದ್ದರು. ಗಂಡ ಬಂದವರಿಗೆಲ್ಲ ಉಪ್ಪಿನ ಕಥೆ ಹೇಳುತ್ತ ನಿಂತಿದ್ದರು. ಸಂಬಂಧವೇ ಇಲ್ಲ ಎನ್ನುತ್ತಿದ್ದವರು!

ಹನ್ನೊಂದರ ಸುಮಾರಿಗೆ ಒಬ್ಬ ಹಿರಿಯರು ಒಳಗೆ ಬಂದರು. ನೆಟ್ಟಗಿನ ಬೆನ್ನು, ದಪ್ಪ ಬಿಳಿ ಮೀಸೆ, ಕೈಯಲ್ಲಿ ಸಂತೆ ಚೀಲ, ಚೀಲದಿಂದ ಹೊರಗೆ ಇಣುಕುವ ಪುಂಡಿ ಸೊಪ್ಪು. ತರಕಾರಿಗೆಂದು ಹೊರಟವರು ಬಾಗಿಲ ಮೇಲಿನ ಟ್ಯಾಂಕಿನ ಚಿತ್ರ ನೋಡಿ ಒಳಗೆ ಬಂದಿದ್ದರು. ಮೇಜುಗಳನ್ನು ದಾಟುತ್ತ ಬಂದವರು ನಮ್ಮ ಮೇಜಿನ ಮುಂದೆ ನಿಂತುಬಿಟ್ಟರು. ಎಲ್ಲರೂ ಮೊದಲು ನೋಡುವುದು ಗಾಡಿಯ ಮುಂದಕ್ಕೆ ಚಾಚಿದ ತೋಪಿನ ನಳಿಗೆಯನ್ನು. ಇವರು ಅದನ್ನು ನೋಡಲೇ ಇಲ್ಲ. ಮೇಜನ್ನು ಸುತ್ತಿ ಹಿಂದುಗಡೆಗೆ ಬಂದು, ಮಂಡಿ ಹಿಡಿದು ಬಗ್ಗಿದರು.

ಹಿಂದಿಯಲ್ಲಿ ಮಾತಾಡಿದರು, ನಡುನಡುವೆ ತೆಲುಗು. ಸೈನ್ಯದಲ್ಲಿ ಹನ್ನೊಂದು ವರ್ಷ ಇದೇ ಗಾಡಿಯ ಡ್ರೈವರ್ ಆಗಿದ್ದರಂತೆ. ಕೆಸರು ಸರಿಯಾಗಿದೆ ಎಂದರು. ಹಿಂದಕ್ಕೆ ಹಾರಿದ ರೀತಿ ಸರಿಯಾಗಿದೆ ಎಂದರು. ಹೊಗೆಯ ಮಸಿ ಇನ್ನೂ ಜಾಸ್ತಿ ಇರಬೇಕು ಎಂದು ನಕ್ಕರು. ಆಮೇಲೆ ಹಿಂದಿನ ಬಾಗಿಲ ಹತ್ತಿರ ಬೆರಳು ತಂದು, ಮುಟ್ಟದೆ ನಿಲ್ಲಿಸಿ, "ಬಸ್, ಯೇ ಗಲತ್ ಹೈ ಅಮ್ಮಾ" ಎಂದರು.

ತಪ್ಪು ಎಂದದ್ದು ಕೀಲಿನ ಮೇಲಿನ ತುಕ್ಕನ್ನು.

ನನಗೆ ಚುರುಕ್ಕೆಂದಿತು. ಫೋಟೋ ನೋಡಿ ಮಾಡಿದ್ದು ಎಂದೆ. ಇರಬಹುದು, ಎಲ್ಲಿಯ ಫೋಟೋನೋ ಏನೋ ಎಂದರು. ನಾನು ಓಡಿಸಿದ ಗಾಡಿಗೆ ತಳ ತುಕ್ಕು ಹಿಡಿದಿತ್ತು, ಸಲಕರಣೆಯ ಡಬ್ಬ ಹಿಡಿದಿತ್ತು, ಹೊಗೆ ಕೊಳವೆಯ ಮುಚ್ಚಳ ಕೈಗೆ ಬಂದಿತ್ತು. ಮಳೆಯಲ್ಲಿ ವಾರಗಟ್ಟಲೆ ನಿಂತಿದ್ದೇವೆ, ಸಮುದ್ರದ ಪಕ್ಕ ನಿಂತಿದ್ದೇವೆ. ಈ ಬಾಗಿಲ ಕೀಲು ಮಾತ್ರ ಹಸಿರಾಗಿಯೇ ಇತ್ತು. ಅದು ಯಾಕೆ ಎಂದು ನಮ್ಮ ಮೆಕ್ಯಾನಿಕ್ಕಿಗೂ ಗೊತ್ತಿರಲಿಲ್ಲ. ಒಳಗೆ ಕೂತ ಹುಡುಗರು ಇಳಿಯಬೇಕಾದದ್ದು ಇದೇ ಬಾಗಿಲಿಂದ ಅಮ್ಮಾ, ಅದು ಕಚ್ಚಿಕೊಂಡರೆ ಮುಗಿಯಿತು. ಹನ್ನೊಂದು ವರ್ಷದಲ್ಲಿ ಒಂದು ಸಲವೂ ಕಚ್ಚಲಿಲ್ಲ. ಒಂದು ತಳ್ಳು, ತೆರೆಯುತ್ತಿತ್ತು ಎಂದರು.

ಮಾವ ನನ್ನ ಹಿಂದೆ ನಿಂತಿದ್ದರು. ಯಾವ ಕಾಲದ ಗಾಡಿ ಎಂದು ಕೇಳಿದರು. ಅವರು ಹೇಳಿದರು. ಮಾವನ ತುಟಿಗಳು ಅಲುಗಿದವು, ಲೆಕ್ಕ ಹಾಕುತ್ತಿದ್ದರು. ತಮ್ಮ ಕಾಲದ್ದೇ. ಎಷ್ಟೋ ವರ್ಷ ಕಾರ್ಖಾನೆಯಲ್ಲಿ ಆಡಿ ಆಡಿ ರೂಢಿಯಾದ ದಖ್ಖನಿ ಉರ್ದುವಿನಲ್ಲಿ ಮಾವ ಎಂದರು:

"ಓ ಮೈಚ್ ಲಗವಾಯಾ ಸಾಬ್. ಬ್ರಷ್ ಸೇ."

ಅದು ನಾನೇ ಹಚ್ಚಿಸಿದ್ದು, ಬ್ರಷ್ಷಿನಿಂದ. ಅಷ್ಟೇ ಹೇಳಿದರು. ಆ ಹಿರಿಯರು ಪುಂಡಿ ಸೊಪ್ಪಿನ ಚೀಲವನ್ನು ನೆಲಕ್ಕಿಟ್ಟು ಮಾವನ ಎರಡೂ ಕೈ ಹಿಡಿದುಕೊಂಡರು. ಆಮೇಲೆ ಶುರುವಾದ ಮಾತು ನಿಲ್ಲಲೇ ಇಲ್ಲ. ಎಷ್ಟು ಕೋಟು, ಯಾವ ಪ್ರೈಮರ್, ಮರಳುಗಾಡಿನಲ್ಲಿ ಏನಾಗುತ್ತಿತ್ತು, ಹಿಮದಲ್ಲಿ ಏನಾಗುತ್ತಿತ್ತು. ಮಾವ ಕೇಳುತ್ತಲೇ ಇದ್ದರು, ಅವರು ಹೇಳುತ್ತಲೇ ಇದ್ದರು. ಗಂಡ ಎರಡು ಕುರ್ಚಿ ತಂದು ಹಾಕಿದರು.

ತೀರ್ಪುಗಾರರು ಮೂರನೇ ಮೇಜಿನ ತನಕ ಬಂದಿದ್ದರು. ನಮ್ಮದು ಐದನೆಯದು. ಈ ಹೊತ್ತಿನಲ್ಲಿ ಗಾಡಿಗೆ ಕೈ ಹಚ್ಚಿದರೆ ಎಲ್ಲಾದರೂ ಕಲೆ ಉಳಿಯುವುದು ಖಂಡಿತ. ನಾನು ಚೀಲದಿಂದ ಹತ್ತಿಯ ಕಡ್ಡಿ, ಸೀಸೆ ತೆಗೆದು, ಕಡ್ಡಿಯನ್ನು ಟರ್ಪೆಂಟೈನ್‌ನಲ್ಲಿ ಅದ್ದಿ ಎರಡೂ ಕೀಲಿನ ತುಕ್ಕನ್ನು ಒರೆಸಿದೆ. ಪಕ್ಕದ ಕೆಸರು ಕದಡಿ ಒಂದು ಬಳಿದ ಗುರುತು ಉಳಿಯಿತು. ತೀರ್ಪುಗಾರರು ಅದನ್ನು ನೋಡಿದರು, ಬರೆದುಕೊಂಡರು, ಮುಂದೆ ಹೋದರು. ಬರೆದುಕೊಳ್ಳಲಿ. ಕಿಟಕಿಯ ಬೆಳಕಿನಲ್ಲಿ ಆ ಎರಡು ಕೀಲು ಹಸಿರಾಗಿ ಕಾಣುತ್ತಿದ್ದವು. ನನ್ನ ಮಾತು ತಪ್ಪಾಗಿದ್ದಕ್ಕೆ ಅಷ್ಟು ಸಂತೋಷ ನನಗೆ ಜೀವಮಾನದಲ್ಲಿ ಆಗಿರಲಿಲ್ಲ.